ಓದಿದ್ದೇನೋ ಸರಿ, ಏನನ್ನಿಸಿತು ಹೇಳಿ

ಮೇ ತಿಂಗಳು ಮುಗಿಯುತ್ತಾ ಬಂತೆಂದರೆ ನಮ್ಮ ಕಡೂರು ಸೀಮೆಯಲ್ಲಿ ಹತ್ತನೇ ಕ್ಲಾಸು, ಪಿಯುಸಿ ಮಕ್ಕಳಿಗೆ ಮದುವೆ ಮನೆಗೆ ಹೋಗುವುದೆಂದರೂ ಭಯ. ಪಂಕ್ತಿಯಲ್ಲಿ ಪಕ್ಕ ಕೂತ ದೊಡ್ಡವರು ಕೋಸಂಬರಿ ಬಡಿಸುವುದರೊಳಗೆ ‘ಎಷ್ಟು ಪರ್ಸೆಂಟ್ ಬಂತು?’ ಎಂದು ಕೇಳುತ್ತಾರೆ. ಪಾಯಸ ಬರುವ ಹೊತ್ತಿಗೆ ‘ರಜೆಯಲ್ಲಿ ಏನಾದರೂ ಓದಿದೆಯೋ, ಬರೀ ಮೊಬೈಲೋ?’ ಅನ್ನುತ್ತಾರೆ. ಓದುವ ಮಗುವಾದರೆ ಪುಸ್ತಕದ ಹೆಸರು ಹೇಳುತ್ತದೆ. ‘ಹೇಗಿತ್ತು?’ ‘ಚೆನ್ನಾಗಿತ್ತು.’ ‘ಗುಡ್, ಹಾಗೇ ಓದ್ತಾ ಇರು.’ ಅಲ್ಲಿಗೆ ಮುಗಿಯಿತು. ಇನ್ನೂರು ಪುಟ ಓದಿದ ಮಗು ಒಂದು ಮಾತು ಆಡಿತು, ಆ ಪುಸ್ತಕದ ಮುಖವನ್ನೇ ನೋಡದ ದೊಡ್ಡವರು ನಾಲ್ಕು ಮಾತು ಆಡಿದರು. ಅಷ್ಟರಲ್ಲಿ ಮಜ್ಜಿಗೆ ಬಂತು.

ಈ ‘ಚೆನ್ನಾಗಿತ್ತು’ ಪೂರ್ತಿ ಸುಳ್ಳೇನಲ್ಲ. ತಪ್ಪಿಸಿಕೊಂಡು ಓಡುವವರಿಗೆ ಸಿಗುವ ಹಿತ್ತಲ ಬಾಗಿಲು ಅದು. ಅದನ್ನು ಮಕ್ಕಳಿಗೆ ಬಿಡಿಸಬೇಕು ಎಂದು ಬರೆಯಲು ಕೂತಿದ್ದೇನೆ, ನಿಜ. ಆದರೆ ಮೊದಲು ಬಿಡಬೇಕಾದವನು ನಾನೇ. ನಮ್ಮ ಕಡೆ ಮಳೆಗೆ ಬರ ಬಂದದ್ದುಂಟು, ಕವಿಗಳಿಗೆ ಬರ ಬಂದದ್ದಿಲ್ಲ. ಯಾರದೋ ಸಂಕಲನ ಬಿಡುಗಡೆ, ‘ನೀವು ಪುಸ್ತಕ ಕುರಿತು ನಾಲ್ಕು ಮಾತಾಡಬೇಕು ಸಾರ್’ ಎಂದು ಕರೆಯುತ್ತಾರೆ. ಓದಿರುತ್ತೇನೆ. ಹದಿನೈದನೇ ಪದ್ಯದ ಹೊತ್ತಿಗೆ ಆಕಳಿಕೆ ಬಂದದ್ದೂ ನೆನಪಿರುತ್ತದೆ. ವೇದಿಕೆ ಹತ್ತಿ ಶಾಲು ಹೊದೆಸಿಕೊಂಡ ಮೇಲೆ ಬಾಯಿಂದ ಬರುವುದು ಮಾತ್ರ ‘ಕನ್ನಡ ಕಾವ್ಯಕ್ಕೆ ಒಂದು ಗಟ್ಟಿ ಸೇರ್ಪಡೆ’. ಸಭೆಯಲ್ಲಿ ಕೂತ ಕಾಲೇಜು ಮಕ್ಕಳು ಇದನ್ನು ಕೇಳುತ್ತಾರೆ. ಪುಸ್ತಕದ ಬಗ್ಗೆ ಹೀಗೇ ಮಾತಾಡಬೇಕು, ಅನ್ನಿಸಿದ್ದು ಒಳಗಿರಬೇಕು, ಆಡುವುದು ಬೇರೆ ಇರಬೇಕು ಎಂದು ಕಲಿಯುತ್ತಾರೆ. ಆಮೇಲೆ ನಾವೇ ಅವರನ್ನು ‘ಈಗಿನ ಹುಡುಗರಿಗೆ ಸ್ವಂತ ಯೋಚನೆಯೇ ಇಲ್ಲ’ ಎಂದು ಬೈಯುತ್ತೇವೆ.

ಸ್ವಂತ ಯೋಚನೆ ಇಲ್ಲವೇ? ಅದೇ ಹುಡುಗ ಕಡೂರಿನ ಟಾಕೀಸಿನಿಂದ ಸಿನಿಮಾ ನೋಡಿ ಹೊರಗೆ ಬರುವಾಗ ಅವನ ಹಿಂದೆ ಹತ್ತು ಹೆಜ್ಜೆ ನಡೆದು ನೋಡಿ. ‘ಫಸ್ಟ್ ಹಾಫ್ ಓಕೆ ಮಗಾ, ಸೆಕೆಂಡ್ ಹಾಫ್ ಎಳೆದುಬಿಟ್ಟಿದ್ದಾನೆ. ಆ ತಂಗಿ ಸೆಂಟಿಮೆಂಟ್ ಬೇಡವಾಗಿತ್ತು. ವಿಲನ್ ಅಷ್ಟು ಬುದ್ಧಿವಂತ ಅಂತಾರೆ, ಒಂದು ಫೋನ್ ಟ್ರೇಸ್ ಮಾಡೋಕೆ ಬರಲ್ವಾ?’ ಕಥೆಯ ಓಟ, ಪಾತ್ರದ ಹದ, ಎಲ್ಲಿ ನಂಬಿಕೆ ಬರಲಿಲ್ಲ, ಎಲ್ಲಿ ಬೋರಾಯಿತು, ಎಲ್ಲವನ್ನೂ ಬೈಕ್ ಸ್ಟ್ಯಾಂಡಿಗೆ ಬರುವುದರೊಳಗೆ ಹೇಳಿ ಮುಗಿಸಿರುತ್ತಾನೆ. ಯಾರೂ ಕಲಿಸಿದ್ದಲ್ಲ. ನಟ ಎಷ್ಟು ದೊಡ್ಡವನಾದರೂ ಹೆದರಿಕೆಯಿಲ್ಲ. ಅವನ ಕೈಗೆ ಒಂದು ಕಾದಂಬರಿ ಕೊಡಿ, ನಾಲಿಗೆ ಬಿದ್ದುಹೋಗುತ್ತದೆ.

ಕಾರಣ ದೂರದಲ್ಲಿಲ್ಲ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ಇರುತ್ತದೆ, ನಾವೆಲ್ಲ ಬರೆದು ಬಂದವರೇ: ಈ ವಾಕ್ಯದ ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ. ಸ್ವಾರಸ್ಯ ಇದೆ ಎಂದು ಪ್ರಶ್ನೆ ತೆಗೆದವರು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಇದೆಯೋ ಇಲ್ಲವೋ ಎಂದು ಮಕ್ಕಳನ್ನು ಯಾರೂ ಕೇಳಿಲ್ಲ. ‘ಇಲ್ಲಿ ನನಗೆ ಸ್ವಾರಸ್ಯ ಕಾಣಲಿಲ್ಲ, ಕಾರಣ ಇಂಥದ್ದು’ ಎಂದು ಬರೆದ ಮಗುವಿಗೆ ಎಷ್ಟು ಅಂಕ ಬರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಹತ್ತು ವರ್ಷ ಹೀಗೆ ಕಳೆದ ಮೇಲೆ ಪುಸ್ತಕ ಅಂದರೆ ಒಪ್ಪಬೇಕಾದ ವಸ್ತು, ಒಪ್ಪಿದ್ದನ್ನು ಗೈಡಿನ ಮಾತಿನಲ್ಲಿ ಬರೆಯಬೇಕು ಎನ್ನುವುದು ಮೂಳೆಗೆ ಇಳಿದಿರುತ್ತದೆ. ಮೇಷ್ಟರುಗಳ ಮೇಲೆ ನನಗೆ ಕೋಪವಿಲ್ಲ. ಅವರೂ ಅದೇ ಪ್ರಶ್ನೆಗೆ ಉತ್ತರ ಬರೆದು ಪಾಸಾದವರು.

ಇನ್ನು ನಮ್ಮ ಗಾದೆಯೊಂದಿದೆ: ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಇದನ್ನು ನಮ್ಮ ಮನೆಗಳಲ್ಲಿ ಯಾವಾಗ ಬಳಸುತ್ತಾರೆ ಗಮನಿಸಿ. ಹುಡುಗಿ ಮೂಲೆಯಲ್ಲಿ ಕೂತು ಕಾದಂಬರಿ ಓದುತ್ತಿದ್ದರೆ, ‘ಅದೆಷ್ಟು ಓದ್ತೀಯೇ, ಓದು ಒಕ್ಕಾಲು ಬುದ್ಧಿ ಮುಕ್ಕಾಲು, ಎದ್ದು ಒಂದಿಷ್ಟು ಕೆಲಸ ನೋಡು’ ಅನ್ನಲು. ಹುಡುಗ ಫೇಲಾದಾಗ ಅವನಪ್ಪ ನೆಂಟರ ಮುಂದೆ ಸಮಾಧಾನ ಹೇಳಿಕೊಳ್ಳಲು. ಅಂದರೆ ಒಕ್ಕಾಲಿನಿಂದ ಪಾರಾಗಲು ಮುಕ್ಕಾಲನ್ನು ಅಡ್ಡ ಇಡುವುದು. ನಾನು ಈ ಗಾದೆಯನ್ನು ಎಷ್ಟೋ ವರ್ಷ ಹಾಗೇ ಕೇಳಿಕೊಂಡು ಬಂದೆ. ಈಚೆಗೆ ಅನ್ನಿಸುತ್ತಿದೆ, ಅದು ಓದುವುದನ್ನು ನಿಲ್ಲಿಸು ಎಂದು ಎಲ್ಲಿ ಹೇಳುತ್ತದೆ? ಪುಸ್ತಕ ಮುಚ್ಚಿದಾಗ ಆದದ್ದು ಕಾಲು ಭಾಗ ಕೆಲಸ, ಉಳಿದ ಮುಕ್ಕಾಲು ಈಗ ಶುರು, ಅನ್ನುತ್ತಿದೆ. ಆ ಮುಕ್ಕಾಲು ಎಲ್ಲಿ ನಡೆಯುತ್ತದೆ? ತಲೆಯೊಳಗೆ ಒಬ್ಬರೇ ಕೂತು ನಡೆಸುತ್ತೇವೆ ಅನ್ನುವವರು ಇದ್ದಾರು, ನನಗಂತೂ ಆಗಿಲ್ಲ. ಓದಿದ್ದನ್ನು ಇನ್ನೊಬ್ಬರ ಮುಂದೆ ಆಡಲು ಹೋದಾಗಲೇ ನನಗೆ ಏನನ್ನಿಸಿತ್ತು ಎಂದು ನನಗೆ ಗೊತ್ತಾಗುವುದು. ‘ಆ ಪಾತ್ರ ಸರಿಯಿಲ್ಲ’ ಎಂದು ಶುರು ಮಾಡಿ, ಎದುರಿನವರು ‘ಯಾಕೆ?’ ಅಂದಾಗ ತಡವರಿಸಿ, ಕಾರಣ ಹುಡುಕುತ್ತಾ ಹುಡುಕುತ್ತಾ, ‘ಅಲ್ಲ, ಪಾತ್ರ ಸರಿಯಾಗೇ ಇದೆ, ನನಗೆ ಅಂಥವರನ್ನು ಕಂಡರೆ ಆಗುವುದಿಲ್ಲ’ ಎಂಬಲ್ಲಿಗೆ ಬಂದು ಮುಟ್ಟುತ್ತೇನೆ. ತಡವರಿಸಿದ ಆ ಎರಡು ನಿಮಿಷವೇ ಮುಕ್ಕಾಲು. ಬಾಯಿಪಾಠ ಮಾಡಿದವರಿಗೆ ತಡವರಿಕೆ ಇರುವುದಿಲ್ಲ, ಆದ್ದರಿಂದ ಅವರಿಗೆ ಈ ಲಾಭವೂ ಇಲ್ಲ.

ಇದೇನು ನಮಗೆ ಹೊಸದೇ? ಜೈಮಿನಿ ಭಾರತ ಬರೆದ ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನು ಎಂದು ನಮಗೆ ಭಾರೀ ಹೆಮ್ಮೆ. ಊರಿನ ಲಕ್ಷ್ಮೀಕಾಂತ ಸ್ವಾಮಿ ಗುಡಿಗೆ ಹೋದವರು ಅದನ್ನು ನೆನೆಯದೆ ಬರುವುದಿಲ್ಲ. ವಾರ್ಧಕ ಷಟ್ಪದಿಯ ಆ ಕಾವ್ಯ ಹಳ್ಳಿ ಹಳ್ಳಿಗೆ ತಲುಪಿದ್ದು ಕಪಾಟಿನಲ್ಲಿ ಕೂತು ಅಲ್ಲ. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಸುತ್ತ ಕೂತವರು ಕೇಳುವುದು. ಕೇಳುವವರು ಸುಮ್ಮನೆ ಕೇಳುತ್ತಿದ್ದರು ಅಂದುಕೊಂಡಿರೋ? ಸೀತೆಯನ್ನು ಕಾಡಿಗೆ ಕಳಿಸುವ ಭಾಗ ಅದರಲ್ಲಿ ಬರುತ್ತದೆ. ಅಲ್ಲಿಗೆ ಬಂದಾಗ ಜಗುಲಿಯ ತುದಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಮುದುಕಿಯೊಬ್ಬಳು, ‘ಯಾವನೋ ಆಡಿದ ಮಾತು ಕೇಳಿ ಬಸುರಿ ಹೆಂಡ್ತೀನ ಕಾಡಿಗೆ ಅಟ್ಟೋದೇ? ರಾಮನೇ ಆದರೇನು?’ ಎಂದು ಗೊಣಗಿದರೆ ಅರ್ಥ ಹೇಳುವವರು ಓದು ನಿಲ್ಲಿಸಿ ಅವಳಿಗೆ ಉತ್ತರ ಕೊಡಬೇಕಾಗುತ್ತಿತ್ತು. ಉತ್ತರ ಅವಳಿಗೆ ಸರಿಹೋಗದಿದ್ದರೆ ಮಾರನೇ ರಾತ್ರಿ ಮತ್ತೆ ಅದೇ ಮಾತು. ಅಕ್ಷರ ಬಾರದ ಹೆಂಗಸಿಗೆ ಕಾವ್ಯದ ಬಗ್ಗೆ ಅಭಿಪ್ರಾಯವಿತ್ತು, ಆಡುವ ಧೈರ್ಯವೂ ಇತ್ತು. ಶಾಲೆಗೆ ಹೋದ ನಾವು ಅದನ್ನು ಕಳೆದುಕೊಂಡೆವು.

ಆಮೇಲೆಯೂ ಒಂದು ಕಾಲವಿತ್ತು. ಸಣ್ಣ ಪೇಟೆಗಳಲ್ಲಿ ದಿನಬಾಡಿಗೆಗೆ ಕಾದಂಬರಿ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳು, 1965ರಲ್ಲಿ ಶುರುವಾದ ‘ಸುಧಾ’ದಂಥ ವಾರಪತ್ರಿಕೆಗಳಲ್ಲಿ ಧಾರಾವಾಹಿಗಳು. ವಾರ ವಾರ ಹೆಂಗಸರು ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಾಯಕಿ ಹಾಗೆ ಮಾಡಬಾರದಿತ್ತು, ಮಾಡಿದ್ದೇ ಸರಿ ಎಂದು ಜಗಳವಾಡುತ್ತಿದ್ದರು. ನೀರು ಬಂದು ಹೋಗಿದ್ದೂ ಗೊತ್ತಾಗುತ್ತಿರಲಿಲ್ಲ.

ಈಗ ಅಜ್ಜಂಪುರದ ಒಂದು ಜಗುಲಿಯ ವಿಚಾರ ಹೇಳುತ್ತೇನೆ. ಬೀರೂರಿನಲ್ಲಿ ರೈಲು ಹಳಿ ಕವಲಾಗಿ ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ ಹೋಗುತ್ತದಲ್ಲ, ಆ ಮನೆಯ ಹೆಣ್ಣುಮಕ್ಕಳೂ ಹಾಗೇ ಒಬ್ಬಳು ಕಡೂರಿಗೆ, ಒಬ್ಬಳು ತರೀಕೆರೆಗೆ ಮದುವೆಯಾಗಿ ಹೋದವರು. ರಜೆಗೆ ಮೊಮ್ಮಕ್ಕಳೆಲ್ಲ ಅಜ್ಜಿ ಮನೆಯಲ್ಲಿ ಸೇರಿದ್ದರು. ಕಡೂರಿನ ಹುಡುಗ ಪಿಯುಸಿ ಮುಗಿಸಿದವನು, ತರೀಕೆರೆಯ ಹುಡುಗಿ ಹತ್ತನೇ ಕ್ಲಾಸು ಬರೆದು ಫಲಿತಾಂಶ ಕಂಡವಳು, ಅಜ್ಜಂಪುರದಲ್ಲೇ ಇರುವ ಮಗನ ಮಗಳು ಒಂಬತ್ತನೇ ಕ್ಲಾಸು. ಪುಸ್ತಕ ಇದ್ದ ಮನೆ. ನಾನು ಹೋದಾಗ ಮಧ್ಯಾಹ್ನ, ಕರೆಂಟು ಇರಲಿಲ್ಲ. ಕರೆಂಟು ಇಲ್ಲದಿದ್ದುದರಿಂದ ವೈಫೈ ಇರಲಿಲ್ಲ. ಈ ಲೇಖನಕ್ಕೆ ಕಾರಣರಾದವರಲ್ಲಿ ವಿದ್ಯುತ್ ಇಲಾಖೆಯೂ ಒಂದು ಎಂದು ತಿಳಿಯಿರಿ.

ಮಕ್ಕಳು ಓದಿದ್ದು ಊರಿನವರೇ ಬರೆದ ಕಥೆ. ‘ಆನಂದ’ ಎಂಬ ಹೆಸರಿನಲ್ಲಿ ಬರೆದ ಅಜ್ಜಂಪುರ ಸೀತಾರಾಂ (1902–1963) ಅವರ ‘ನಾನು ಕೊಂದ ಹುಡುಗಿ’. ಕನ್ನಡದ ಹೆಸರಾಂತ ಸಣ್ಣಕಥೆಗಳಲ್ಲಿ ಒಂದು. ಓದಿದ ಪಟ್ಟಣದ ಮನುಷ್ಯನೊಬ್ಬ ಹಳ್ಳಿಗೆ ಬಂದು ಅಲ್ಲಿನ ದೊಡ್ಡ ಮನೆಯಲ್ಲಿ ಉಳಿಯುತ್ತಾನೆ. ಆ ಮನೆಯ ಮಗಳು ಚೆನ್ನಮ್ಮ, ದೇವರ ಹೆಸರಿನಲ್ಲಿ ಬಸವಿ ಬಿಟ್ಟ ಹುಡುಗಿ. ಆ ಪದ್ಧತಿ ತಪ್ಪೆಂದು ಅವಳಿಗೆ ಗೊತ್ತೇ ಇಲ್ಲ. ಇವನು ತಿಳಿಹೇಳುತ್ತಾನೆ. ತಿಳಿದ ಮೇಲೆ ಅವಳು ಬದುಕುವುದಿಲ್ಲ. ಇದನ್ನು ಮಕ್ಕಳ ಕೈಗೆ ಕೊಡಬಹುದೇ ಎಂದು ಹುಬ್ಬೇರಿಸುವವರಿದ್ದಾರೆ. ಹದಿನೈದು ಹದಿನಾರರ ಮಕ್ಕಳು ಮೊಬೈಲಿನಲ್ಲಿ ಏನೇನು ನೋಡುತ್ತಾರೆ ಎಂದು ಅವರಿಗೆ ಗೊತ್ತಿಲ್ಲವೆಂದು ಕಾಣುತ್ತದೆ.

ನಾನು ಕೇಳಿದೆ, ‘ಹೇಗಿತ್ತು?’ ಕಡೂರಿನ ಹುಡುಗ ಕೂಡಲೇ, ‘ಚೆನ್ನಾಗಿದೆ ಅಂಕಲ್.’ ನಾನೂ ಅಭ್ಯಾಸಬಲದಿಂದ ‘ಗುಡ್’ ಅನ್ನುವುದರಲ್ಲಿದ್ದೆ. ಅಷ್ಟರಲ್ಲಿ ತರೀಕೆರೆ ಹುಡುಗಿ, ‘ಏನು ಚೆನ್ನಾಗಿದೆಯೋ ಅಣ್ಣ? ಅವಳು ಸತ್ತೋಗಿದ್ದು ಚೆನ್ನಾಗಿದೆಯಾ?’ ಅಂದಳು.

ಅವನಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದೇ ಒಳ್ಳೆಯದಾಯಿತು, ಮಾತು ಬಂತು. ‘ಹಾಗಲ್ಲ. ಅವನು ಯಾಕೆ ನಾನು ಕೊಂದೆ ಅಂತ ಹೇಳ್ಕೋಬೇಕು? ಅವನು ಒಳ್ಳೇದೇ ಹೇಳಿದ್ದಲ್ವಾ? ಗೊತ್ತಿಲ್ದೇ ಇರೋರಿಗೆ ಗೊತ್ತು ಮಾಡಿಸೋದು ತಪ್ಪಾ?’

‘ಒಳ್ಳೇದು ಹೇಳಿದ. ಹೇಳಿ ಅವನ ಊರಿಗೆ ಅವನು ಹೋಗ್ತಾನೆ. ಆ ಮನೇಲಿ ಇರಬೇಕಾಗಿದ್ದು ಅವಳು. ಇರೋ ಜಾಗ ಸರಿಯಿಲ್ಲ ಅಂತ ಹೇಳಿದ್ರೆ ಸಾಕಾ, ಎಲ್ಲಿಗೆ ಹೋಗಬೇಕು ಅಂತಾನೂ ಹೇಳಬೇಕಲ್ವಾ?’

ಇಲ್ಲಿಯವರೆಗೂ ಕಾಲು ಮಡಚಿಕೊಂಡು ಸುಮ್ಮನೆ ಕೂತಿದ್ದ ಒಂಬತ್ತನೇ ಕ್ಲಾಸಿನವಳು ಬಾಯಿಬಿಟ್ಟಳು. ‘ನೀವಿಬ್ರೂ ಅವನ ಬಗ್ಗೇನೇ ಮಾತಾಡ್ತಿದ್ದೀರ. ಅವಳನ್ನ ಬಸವಿ ಬಿಟ್ಟೋರು ಮನೇಲೇ ಇದ್ರಲ್ಲ. ಅವರು ಯಾರೂ ನಾವು ಕೊಂದ್ವಿ ಅಂತ ಯಾಕೆ ಹೇಳಲ್ಲ?’

ಮೂವರೂ ಸ್ವಲ್ಪ ಹೊತ್ತು ಸುಮ್ಮನಾದರು. ನನಗೋ ನಾಲಿಗೆ ತುರಿಸುತ್ತಿತ್ತು. ನವೋದಯದ ಸಣ್ಣಕಥೆ, ಮಾಸ್ತಿಯವರ ಕಾಲ, ಸುಧಾರಣೆಯ ಆಶಯ ಎಂದು ಹತ್ತು ನಿಮಿಷದ ಭಾಷಣ ತಲೆಯಲ್ಲಿ ಸಿದ್ಧವಾಗಿ ನಿಂತಿತ್ತು. ಬಾಯಿ ತೆರೆಯುವ ಮೊದಲು ತರೀಕೆರೆ ಹುಡುಗಿಯ ಮಾತೇ ಅಡ್ಡ ಬಂತು: ಹೇಳಿ ಅವನ ಊರಿಗೆ ಅವನು ಹೋಗ್ತಾನೆ. ಉಪದೇಶ ಬರೆದು ಸಂಭಾವನೆ ಪಡೆಯುವವನಿಗೆ ಇದಕ್ಕಿಂತ ನೇರವಾದ ವಿಮರ್ಶೆ ಬೇಕೇ? ನುಂಗಿಕೊಂಡು ಕೂತೆ. ನಾನು ಮಾತಾಡದೆ ಇದ್ದುದರಿಂದ ಆದ ಲಾಭವೆಂದರೆ, ಒಳಗೆ ಹಪ್ಪಳದ ಹಿಟ್ಟು ನಾದುತ್ತಿದ್ದ ಅಜ್ಜಿ ಕೈ ಒರೆಸಿಕೊಂಡು ಬಾಗಿಲಿಗೆ ಬಂದರು. ‘ನಾನೂ ಓದಿದ್ದೆ ಕಣ್ರೇ ಅದನ್ನ, ಮದುವೆಗೆ ಮುಂಚೆ. ಅತ್ತುಬಿಟ್ಟಿದ್ದೆ. ಯಾರ ಹತ್ರಾನೂ ಹೇಳಿರಲಿಲ್ಲ. ಕಥೆ ಓದಿ ಅಳ್ತಾಳೆ ಅಂತ ಆಡ್ಕೊಂಡಾರು ಅಂತ.’ ಆಮೇಲೆ ಒಂಬತ್ತನೇ ಕ್ಲಾಸಿನವಳ ಕಡೆ ತಿರುಗಿ, ‘ನೀನು ಹೇಳಿದ್ದೇ ಸರಿ’ ಅಂದರು. ಅವರೊಳಗೆ ಎಷ್ಟೋ ದಶಕ ಕೂತಿದ್ದ ಅಭಿಪ್ರಾಯ ಅದು. ಕೇಳುವವರು ಸಿಕ್ಕಿರಲಿಲ್ಲ.

ಇಷ್ಟೆಲ್ಲ ಆಗಲು ಏನು ಬೇಕಾಯಿತು? ವೇದಿಕೆ, ಮೈಕು, ಪ್ರಮಾಣಪತ್ರ ಯಾವುದೂ ಬೇಕಾಗಲಿಲ್ಲ. ಒಂದೇ ಕಥೆಯನ್ನು ಇಬ್ಬರು ಮೂವರು ಓದಿರಬೇಕು, ‘ಚೆನ್ನಾಗಿದೆ’ಯನ್ನು ಒಬ್ಬರಾದರೂ ತಡೆದು ನಿಲ್ಲಿಸಬೇಕು, ದೊಡ್ಡವರು ಬಾಯಿ ಮುಚ್ಚಿಕೊಂಡಿರಬೇಕು. ಮೂರನೆಯದು ಅತ್ಯಂತ ಕಷ್ಟ. ಮಾಡಿ ನೋಡಿ, ಗೊತ್ತಾಗುತ್ತದೆ.

ಅಭಿಪ್ರಾಯ ಹೇಳುವುದೇ ಒಂದು ಕೆಲಸ, ಅದೂ ಗೌರವದ ಕೆಲಸ ಎಂದು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ತರೀಕೆರೆ ತಾಲ್ಲೂಕಿನ ಸಮತಳ ಎಂಬ ಸಣ್ಣ ಊರಿನಲ್ಲಿ 1959ರಲ್ಲಿ ಹುಟ್ಟಿದ ರಹಮತ್ ತರೀಕೆರೆಯವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. 2010ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಥೆಗಲ್ಲ, ಕಾದಂಬರಿಗಲ್ಲ. ‘ಕತ್ತಿಯಂಚಿನ ದಾರಿ’ ಎಂಬ ವಿಮರ್ಶೆಯ ಪುಸ್ತಕಕ್ಕೆ. ಅಂದರೆ ಬೇರೆಯವರು ಬರೆದದ್ದನ್ನು ಓದಿ, ತನಗೆ ಏನನ್ನಿಸಿತು ಎಂದು ಕಾರಣ ಸಮೇತ ಹೇಳಿದ್ದಕ್ಕೆ. ಊರಿನ ಹೆಸರನ್ನೇ ಹೆಸರಿನ ಜೊತೆ ಇಟ್ಟುಕೊಂಡವರ ಬಗ್ಗೆ ತರೀಕೆರೆಯ ಎಷ್ಟು ಹೈಸ್ಕೂಲು ಮಕ್ಕಳಿಗೆ ಗೊತ್ತಿದೆಯೋ, ಅವರ ಮೇಷ್ಟರುಗಳನ್ನೇ ಕೇಳಬೇಕು.

ಈಗಿನ ಇನ್ನೊಂದು ರೋಗ ಬೇರೆ ಇದೆ. ಅಭಿಪ್ರಾಯವೂ ಮೊಬೈಲಿನಲ್ಲಿ ಸಿಗುತ್ತದೆ. ಪುಸ್ತಕದ ಹೆಸರು ಹಾಕಿದರೆ ಸಾಕು, ಅಚ್ಚುಕಟ್ಟಾದ ನಾಲ್ಕು ಪ್ಯಾರಾ ಬಂದು ಬೀಳುತ್ತದೆ. ತೇಜಸ್ವಿಯವರ ‘ಕರ್ವಾಲೋ’ ಓದಿದ್ದೇನೆ ಎಂದ ಹುಡುಗನೊಬ್ಬ ‘ಇದು ಮಾನವ ಮತ್ತು ನಿಸರ್ಗದ ನಡುವಿನ ಸಂಬಂಧದ ಅನನ್ಯ ಶೋಧನೆ’ ಎಂದು ಒಂದೇ ಉಸಿರಿಗೆ ಒಪ್ಪಿಸಿದ. ಕಿವಿ ಯಾರು ಎಂದು ಕೇಳಿದೆ. ಕಿವಿ ಮುಟ್ಟಿಕೊಂಡ. ನಿರೂಪಕನ ನಾಯಿಯ ಹೆಸರು ಅದು, ಪುಸ್ತಕದ ತುಂಬಾ ಓಡಾಡುತ್ತದೆ. ಅವನ ಪಕ್ಕದಲ್ಲಿದ್ದ ಏಳನೇ ಕ್ಲಾಸಿನ ಪೋರ ಮಾತ್ರ ಪುಸ್ತಕ ನಿಜವಾಗಿ ಓದಿದ್ದ. ‘ಎಲ್ಲಾ ಗೊತ್ತಿರೋದು ಮಂದಣ್ಣನಿಗೆ. ಪುಸ್ತಕಕ್ಕೆ ಹೆಸರು ಮಾತ್ರ ಕರ್ವಾಲೋ ಅಂತ. ಇದು ಮೋಸ ಅಲ್ವಾ?’ ಅಂದ. 1980ರಲ್ಲಿ ಬಂದ ಕಾದಂಬರಿ ಅದು. ವಿಜ್ಞಾನಿಯ ಪುಸ್ತಕಜ್ಞಾನ ದೊಡ್ಡದೋ, ಹಳ್ಳಿಯವನ ಕಣ್ಣು ದೊಡ್ಡದೋ ಎಂದು ಅದರ ಬಗ್ಗೆ ದೊಡ್ಡವರು ಬರೆದ ಪುಟಗಳಿಗೆ ಲೆಕ್ಕವಿಲ್ಲ. ಈ ಪೋರ ‘ಮೋಸ’ ಎಂಬ ಒಂದೇ ಮಾತಿನಲ್ಲಿ ಆ ಜಗಳದ ನಡುಮಧ್ಯೆ ಬಂದು ನಿಂತುಬಿಟ್ಟ. ಮೊಬೈಲಿಗೆ ಮೋಸ ಅನ್ನಿಸುವುದಿಲ್ಲ, ಬೋರಾಗುವುದಿಲ್ಲ, ಅಳು ಬರುವುದಿಲ್ಲ. ಅದರ ಅಭಿಪ್ರಾಯ ತಂದು ಒಪ್ಪಿಸುವ ಮಕ್ಕಳೇ, ನಿಮ್ಮ ಊಟವನ್ನು ಬೇರೆಯವರಿಗೆ ಉಣ್ಣಿಸಿ ತೇಗು ಮಾತ್ರ ನೀವು ತೇಗುತ್ತಿದ್ದೀರಿ. ಬೈದೆ ಅಂದುಕೊಳ್ಳಬೇಡಿ. ಬೈದದ್ದೇ ಹೌದು.

ಆದರೆ ಬಲವಂತ ಮಾಡಿದರೂ ಕೆಡುತ್ತದೆ. ಫ್ರಾನ್ಸಿನಲ್ಲಿ ಡೇನಿಯಲ್ ಪೆನ್ನಾಕ್ ಎಂಬ ಲೇಖಕರಿದ್ದಾರೆ, ಎಷ್ಟೋ ಕಾಲ ಶಾಲಾ ಮೇಷ್ಟರಾಗಿದ್ದವರು. ಅವರು 1992ರಲ್ಲಿ ತಂದ ಪುಸ್ತಕವೊಂದರಲ್ಲಿ ಓದುಗರಿಗೆ ಹತ್ತು ಹಕ್ಕುಗಳನ್ನು ಕೊಟ್ಟರು. ಮೊದಲನೆಯದು ಓದದೇ ಇರುವ ಹಕ್ಕು. ಪುಟ ಹಾರಿಸುವ ಹಕ್ಕು, ಅರ್ಧಕ್ಕೇ ಬಿಡುವ ಹಕ್ಕು, ಏನು ಬೇಕಾದರೂ ಓದುವ ಹಕ್ಕು ಎಲ್ಲ ಇವೆ. ಹತ್ತನೆಯದು, ಓದಿದ ಮೇಲೆ ಸುಮ್ಮನಿರುವ ಹಕ್ಕು. ಅಭಿಪ್ರಾಯ ಹೇಳಿ, ಹೇಳಿ ಎಂದು ಇಷ್ಟು ಹೊತ್ತು ಗಂಟಲು ಹರಿದುಕೊಂಡ ನನಗೆ ಈ ಹತ್ತನೆಯದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಯೋಚಿಸಿದರೆ ಅವರು ಹೇಳುವುದು ಸರಿ. ಕೆಲವು ಪುಸ್ತಕಗಳು ಹೇಳಿಕೊಳ್ಳಲಾಗದ ಕಡೆ ಹೋಗಿ ಕೂರುತ್ತವೆ. ಅಪ್ಪ ತೀರಿಕೊಂಡ ಮಗುವೊಂದು ತಂದೆಯ ನೆನಪಿನ ಪುಸ್ತಕ ಓದಿ ಮಾತಾಡದಿದ್ದರೆ ಅದನ್ನು ಎಬ್ಬಿಸಿ ನಿಲ್ಲಿಸಿ ‘ಹೇಳು, ನಾಚಿಕೆ ಬೇಡ’ ಅನ್ನುವವರಿಗೆ ಕರುಣೆಯಿಲ್ಲ. ಸುಮ್ಮನಿರುವ ಮಗುವನ್ನು ಸುಮ್ಮನಿರಲು ಬಿಡಬೇಕು. ಸುಮ್ಮನಿರುವುದು ಬೇರೆ, ‘ಚೆನ್ನಾಗಿದೆ’ ಎಂದು ಬಾಯಿ ತೊಳೆದುಕೊಳ್ಳುವುದು ಬೇರೆ.

ಏನು ಮಾಡಬೇಕು ಎಂದು ಕೇಳುತ್ತೀರಿ. ದೊಡ್ಡ ಯೋಜನೆಯೇನೂ ನನ್ನಲ್ಲಿಲ್ಲ. ಓದುವಾಗ ಪೆನ್ಸಿಲು ಹತ್ತಿರ ಇರಲಿ, ಆಕಳಿಕೆ ಬಂದ ಪುಟದಲ್ಲೂ ಒಂದು ಚುಕ್ಕೆ ಇಡಿ. ಲೈಬ್ರರಿಯ ಪುಸ್ತಕವಾದರೆ ಚೀಟಿ ಇಡಿ, ಗೀಚಬೇಡಿ. ಕಥೆ ಪೂರ್ತಿ ಹೇಳಲು ಹೋಗಬೇಡಿ, ಕೇಳುವವರಿಗೂ ಓದಲು ಏನಾದರೂ ಉಳಿಯಲಿ. ಒಂದು ಜಾಗ ಹಿಡಿದು ಮಾತಾಡಿ: ಇಲ್ಲಿ ನಗು ಬಂತು, ಇಲ್ಲಿ ನಂಬಲಾಗಲಿಲ್ಲ, ಇವಳು ಹೀಗೆ ಮಾಡಬಾರದಿತ್ತು. ‘ಯಾಕೆ’ ಎಂದು ನಿಮ್ಮನ್ನು ನೀವೇ ಒಂದು ಸಲ ಕೇಳಿಕೊಳ್ಳಿ, ಹತ್ತು ಸಲ ಬೇಡ. ನಿಮಗೆ ಸೇರದ ಪುಸ್ತಕ ಗೆಳತಿಗೆ ಸೇರಿತೆಂದರೆ ಅವಳು ಕೆಟ್ಟವಳಲ್ಲ. ಅವಳ ಮಾತು ಕೇಳಿ ನಿಮ್ಮ ಅಭಿಪ್ರಾಯ ಬದಲಾದರೆ ಅವಮಾನವೂ ಅಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಶುರು ಮಾಡಿ ಅಷ್ಟು ಹೆಸರುಗಳ ನಡುವೆ ದಾರಿ ತಪ್ಪಿ ಬಿಟ್ಟಿರೋ? ಬಿಟ್ಟೆ ಎಂದೇ ಹೇಳಿ, ಎಲ್ಲಿ ಬಿಟ್ಟೆ ಎಂದೂ ಹೇಳಿ. ಆ ಪುಸ್ತಕ ಎಲ್ಲಿಗೂ ಹೋಗುವುದಿಲ್ಲ, ಕಾಯುತ್ತದೆ. ಅಪ್ಪ ಅಮ್ಮಂದಿರು ಮಕ್ಕಳನ್ನು ಕೇಳುವ ಮೊದಲು ತಾವು ಈಚೆಗೆ ಓದಿದ್ದರ ಬಗ್ಗೆ ಒಂದು ಮಾತು ಹೇಳಬೇಕು. ಓದಿಲ್ಲವಾದರೆ, ಕೇಳುವ ಹಕ್ಕು ಎಲ್ಲಿಂದ ಬಂತು?

ಪುಸ್ತಕ ಇಲ್ಲ ಎನ್ನುವ ನೆಪ ನಡೆಯುವುದಿಲ್ಲ. ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ 2020ರಲ್ಲೇ ಶುರುವಾಗಿದೆ. 2023ರಿಂದ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. ಆದರೆ ಲೈಬ್ರರಿಯ ಗೋಡೆಯ ಮೇಲೆ ‘ನಿಶ್ಶಬ್ದವಾಗಿರಿ’ ಎಂಬ ಬೋರ್ಡು ಇರುತ್ತದಲ್ಲ. ಅದು ಇರಲಿ, ಓದುವವರಿಗೆ ಬೇಕು. ಪುಸ್ತಕ ವಾಪಸು ಕೊಡಲು ಬಂದ ಮಕ್ಕಳು ಹೊರಗಿನ ಕಟ್ಟೆಯ ಮೇಲೆ ಕೂತು ಅರ್ಧ ಗಂಟೆ ಜಗಳವಾಡಿದರೆ ಮಾತ್ರ ಅಲ್ಲಿನವರು ಗದರಿಸಬಾರದು.

ಇನ್ನೊಂದು ಕೋರಿಕೆ ಹೈಸ್ಕೂಲಿನ ಕನ್ನಡ ಮೇಷ್ಟರುಗಳಿಗೆ. ಶಾಲೆ ಬಾಗಿಲು ತೆಗೆದ ಮೊದಲ ವಾರ ಹೇಗೂ ಪಠ್ಯಪುಸ್ತಕ ಪೂರ್ತಿ ಬಂದಿರುವುದಿಲ್ಲ, ವೇಳಾಪಟ್ಟಿ ಸರಿಯಾಗಿರುವುದಿಲ್ಲ. ಅದರಲ್ಲಿ ಒಂದು ಪೀರಿಯಡ್ಡು ರಜೆಯಲ್ಲಿ ಓದಿದ ಪುಸ್ತಕಕ್ಕೆ ಕೊಡಿ. ಡೆಸ್ಕುಗಳನ್ನು ಸರಿಸಿ ಸುತ್ತ ಕೂರಿಸಿ, ನೀವೂ ಒಂದು ಡೆಸ್ಕಿನಲ್ಲಿ ಕೂರಿ. ‘ಯಾವ ಪುಸ್ತಕ ಬೋರಾಯಿತು?’ ಎಂದು ಅಲ್ಲಿಂದಲೇ ಶುರು ಮಾಡಿ, ಆಗ ಹಿಂದಿನ ಬೆಂಚಿನವರೂ ಬಾಯಿ ತೆರೆಯುತ್ತಾರೆ. ಕರಿಹಲಗೆಯ ಮೇಲೆ ಏನೂ ಬರೆಯಬೇಡಿ, ಕೊನೆಗೆ ನಿಮ್ಮ ತೀರ್ಪು ಕೊಡಬೇಡಿ, ಅಂಕವಂತೂ ಹಾಕಲೇ ಬೇಡಿ. ಬೆಲ್ಲು ಹೊಡೆದ ಮೇಲೂ ಇಬ್ಬರು ಕಾರಿಡಾರಿನಲ್ಲಿ ವಾದ ಮಾಡುತ್ತಾ ನಿಂತಿದ್ದರೆ, ಮುಂದಿನ ಕ್ಲಾಸಿಗೆ ತಡವಾಗಿ ಹೋದದ್ದಕ್ಕೆ ಗಣಿತದ ಮೇಷ್ಟರಿಗೆ ನೀವೇ ಒಂದು ಮಾತು ಹೇಳಿಬಿಡಿ.